ನಿಮ್ಮ ಹೆಸರಿನಲ್ಲಿ ಯಾರದೋ ತಿದ್ದುಪಡಿ

ಹಲವರು ಕೂಡಿ ಪುಟಗಳನ್ನು ಬರೆದು ತಿದ್ದುವ ವಿಕಿ ತಂತ್ರಾಂಶಗಳಲ್ಲಿ ಟ್ವಿಕಿ ಒಂದು. ಕಚೇರಿಗಳ ಒಳಗಿನ ದಾಖಲೆ ಬರೆದಿಡಲು ಅದನ್ನು ಬಳಸುತ್ತಿದ್ದವರು ಬಹಳ. 2009ರಲ್ಲಿ ಅದರಲ್ಲಿ ಒಂದು ದೋಷ ಬಯಲಾಯಿತು. ಪುಟಕ್ಕೆ ಚಿತ್ರ ಸೇರಿಸುವಾಗ ಚಿತ್ರದ ವಿಳಾಸದ ಬದಲು ಪುಟ ಉಳಿಸುವ 'ಸೇವ್' ಆದೇಶದ ವಿಳಾಸ ಕೊಟ್ಟರೆ ಸಾಕಿತ್ತು. ಆ ಪುಟವನ್ನು ಓದಲು ತೆರೆದವರ ಬ್ರೌಸರ್ ಚಿತ್ರ ತರಲು ಹೋಗಿ, ಅವರ ಹೆಸರಿನಲ್ಲೇ ಇನ್ನೊಂದು ಪುಟವನ್ನು ತಿದ್ದಿ ಬರುತ್ತಿತ್ತು. ಅವರು ಒಂದು ಗುಂಡಿಯನ್ನೂ ಒತ್ತಿರುತ್ತಿರಲಿಲ್ಲ.

ಟ್ವಿಕಿಯಿಂದ ಕವಲೊಡೆದ ಫಾಸ್ವಿಕಿಯಲ್ಲೂ ಇದೇ ದೋಷವಿತ್ತು. ಟ್ವಿಕಿ 4.3.1 ಮತ್ತು ಫಾಸ್ವಿಕಿ 1.0.5 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಈ ಬಗೆಯ ದಾಳಿಗೆ 'ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ' ಎಂದು 2001ರಲ್ಲಿ ಹೆಸರಿಟ್ಟವರು ಪೀಟರ್ ವಾಟ್ಕಿನ್ಸ್. ಇದರಲ್ಲಿ ಪಾಸ್‌ವರ್ಡ್ ಕದಿಯುವ ಪ್ರಶ್ನೆಯೇ ಇಲ್ಲ. ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಆ ತಾಣಕ್ಕೆ ಹೋಗುವ ಕೋರಿಕೆಗಳ ಜೊತೆ ಗುರುತಿನ ಚೀಟಿಯಂಥ ಕುಕಿಯನ್ನು ಸಾಮಾನ್ಯವಾಗಿ ತಾನಾಗಿಯೇ ಕಳುಹಿಸುತ್ತದೆ. ಕುಕಿ ನೋಡಿದ ಸರ್ವರ್‌ಗೆ ಕೋರಿಕೆ ಯಾರ ಬ್ರೌಸರಿನಿಂದ ಬಂತು ಎಂದು ಗೊತ್ತಾಗುತ್ತದೆ. ಅವರು ಬೇಕೆಂದೇ ಕಳುಹಿಸಿದರೇ ಎಂಬುದು ಗೊತ್ತಾಗುವುದಿಲ್ಲ.

ಬ್ಯಾಂಕಿನ ತಾಣದಲ್ಲಿ ಇದರಿಂದ ಹಣ ಹೋಗಬಹುದು. ವಿಕಿಯಲ್ಲಿ ಹೋಗುವುದು ನಂಬಿಕೆ. ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ಪುಟದ ಇತಿಹಾಸವೇ ಕೂಡಿ ಬರೆಯುವವರ ಆಧಾರ. ಆ ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಅವರು ಮಾಡದ ತಿದ್ದುಪಡಿ ಕೂತರೆ, ತಾನು ಮಾಡಿಲ್ಲವೆಂದು ಸಾಬೀತು ಮಾಡುವ ಹೊರೆ ಅಮಾಯಕರ ಮೇಲೆ ಬೀಳುತ್ತದೆ. ಪುಟ ತೆರೆದವರು ನಿರ್ವಾಹಕರಾಗಿದ್ದರಂತೂ ಅವರ ಅಧಿಕಾರವೆಲ್ಲ ದಾಳಿಕೋರನ ಕೈಗೆ ಸಿಕ್ಕಂತೆ.

ಇದಕ್ಕೆ ಗಟ್ಟಿಯಾದ ಪರಿಹಾರ ಟೋಕನ್. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯಲ್ಲಿ, ಲಾಗಿನ್ ಆದವರು 'ಸಂಪಾದಿಸಿ' ಒತ್ತಿದಾಗ ತೆರೆಯುವ ಫಾರ್ಮಿನೊಳಗೆ ಊಹಿಸಲಾಗದ ಗುಪ್ತ ಸಂಕೇತವೊಂದು ಅಡಗಿರುತ್ತದೆ. ಉಳಿಸುವಾಗ ಅದು ಮರಳಿ ಬಂದರಷ್ಟೇ ಬದಲಾವಣೆಗೆ ಒಪ್ಪಿಗೆ. ಕನ್ನಡ ವಿಕಿಪೀಡಿಯದ ಸಂಪಾದಕರಿಗೂ ಇದೇ ಕಾವಲು. ಆದರೂ ಒಂದು ಸಂದು ಬಹುಕಾಲ ಉಳಿದಿತ್ತು: ಲಾಗೌಟ್ ಆಗಲು ಟೋಕನ್ ಬೇಕಿರಲಿಲ್ಲ. ಹಾಗಾಗಿ ಬೇರೊಬ್ಬರು ಹೆಣೆದ ಕೊಂಡಿಯಿಂದಲೇ ಸಂಪಾದಕರು ಹೊರಬೀಳುವ ಸಾಧ್ಯತೆಯಿತ್ತು. ಅದನ್ನು ಮುಚ್ಚಿದ್ದು 2019ರಲ್ಲಿ.

2020ರಲ್ಲಿ ಕ್ರೋಮ್ ಬ್ರೌಸರ್, ಬೇರೆ ತಾಣಗಳಿಂದ ಹೊರಡುವ ಇಂಥ ಕೋರಿಕೆಗಳ ಜೊತೆ ಕುಕಿ ಹೋಗದಂತೆ ತಡೆಯುವ 'ಸೇಮ್‌ಸೈಟ್' ನಿಯಮವನ್ನು ತಾನಾಗಿಯೇ ಅನ್ವಯಿಸತೊಡಗಿತು. ಸಾಮಾನ್ಯ ತಾಣಗಳಿಗೆ ಇದು ದೊಡ್ಡ ರಕ್ಷಣೆ. ಟ್ವಿಕಿಯ ಪ್ರಕರಣದಲ್ಲಿ ಮಾತ್ರ ಇದು ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲಿ ಬಲೆಯ ಚಿತ್ರ ಇದ್ದದ್ದು ವಿಕಿಯ ಪುಟದಲ್ಲೇ. ಕೋರಿಕೆ ಹೊರಡುತ್ತಿದ್ದುದೂ ತಲುಪುತ್ತಿದ್ದುದೂ ಒಂದೇ ತಾಣದೊಳಗೆ. ಎಲ್ಲರಿಗೂ ಬರೆಯಲು ಬಿಟ್ಟಿರುವ ತಂತ್ರಾಂಶ ಹೊರಗಿನ ದಾಳಿಗೆ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಇರುವಂತಿಲ್ಲ.

ಶಾಲೆಗೆ, ಸಂಘಕ್ಕೆ, ಕಚೇರಿಗೆ ಇಂಥ ತಂತ್ರಾಂಶ ಕಟ್ಟುವವರು, ಅದಕ್ಕೆ ಹೊಸ ಸೌಲಭ್ಯ ಜೋಡಿಸುವವರು ಎರಡು ವಿಷಯಗಳನ್ನು ಖಚಿತ ಮಾಡಿಕೊಳ್ಳಬೇಕು. ಬರೀ ವಿಳಾಸ ತೆರೆದರೆ ಏನೂ ಬದಲಾಗಬಾರದು. ಬದಲಿಸುವ, ಅಳಿಸುವ, ಅನುಮತಿ ಕೊಡುವ ಪ್ರತಿ ಫಾರ್ಮಿನಲ್ಲೂ ಟೋಕನ್ ಇರಬೇಕು. ವಿಕಿ ನಡೆಸುವವರು ಭದ್ರತಾ ಆವೃತ್ತಿ ಬಂದ ಕೂಡಲೇ ಅಳವಡಿಸಿ, ದಿನನಿತ್ಯದ ಓದಿಗೆ ನಿರ್ವಾಹಕ ಖಾತೆಯ ಬದಲು ಸಾಮಾನ್ಯ ಖಾತೆ ಬಳಸಿದರೆ ಅಪಾಯ ಇನ್ನಷ್ಟು ತಗ್ಗುತ್ತದೆ.