ಗರಗಸದ ಹಲ್ಲು ಸವರಿದ ಚಿಪ್

ಜಿಪಿಎಸ್ ನಮಗೆ ದಾರಿ ತೋರಿಸುವ ಯಂತ್ರ. ರೇಡಿಯೊ ಖಗೋಳ ವಿಜ್ಞಾನಿಗಳಿಗೆ ಗಡಿಯಾರ. ಬೇರೆ ಬೇರೆ ಖಂಡಗಳ ದೂರದರ್ಶಕಗಳು ಒಂದೇ ಕ್ವೇಸಾರಿನ ಸಂಕೇತವನ್ನು ದಾಖಲಿಸಿಕೊಂಡು ಆಮೇಲೆ ತಾಳೆ ನೋಡುವುದು ವಿಎಲ್‌ಬಿಐ ವಿಧಾನ. ಅದಕ್ಕೆ ಆಯಾ ಕೇಂದ್ರದ ಹೈಡ್ರೋಜನ್ ಮೇಸರ್ ಗಡಿಯಾರಗಳ ನಡುವಿನ ವ್ಯತ್ಯಾಸ ಗೊತ್ತಿರಬೇಕು. 1990ರ ದಶಕದಲ್ಲಿ ಅಮೆರಿಕದ ನಾಸಾ ಗೊಡ್ಡಾರ್ಡ್ ಕೇಂದ್ರದ ಟಾಮ್ ಕ್ಲಾರ್ಕ್ ಅದಕ್ಕೊಂದು ಅಗ್ಗದ ಉಪಾಯ ಹೂಡಿದರು. ಹ್ಯಾಮ್ ರೇಡಿಯೊದಲ್ಲೂ ಹೆಸರು ಮಾಡಿದ್ದ ಅವರು ಮೋಟೊರೋಲಾದ ಪುಟ್ಟ ಆನ್‌ಕೋರ್ ಜಿಪಿಎಸ್ ರಿಸೀವರನ್ನೇ ಗಡಿಯಾರವಾಗಿಸಿ ‘ಟೋಟಲಿ ಆಕ್ಯುರೇಟ್ ಕ್ಲಾಕ್’ ಎಂದು ಕರೆದರು. ಆ ಹೆಸರಿನಲ್ಲಿ ತುಸು ತುಂಟತನವೂ ಇತ್ತು.

ಯಾಕೆಂದರೆ ರಿಸೀವರ್ ಸೆಕೆಂಡಿಗೊಮ್ಮೆ ಕೊಡುವ ಪಲ್ಸ್ ಸರಿಯಾದ ಕ್ಷಣಕ್ಕೆ ಬೀಳುತ್ತಿರಲಿಲ್ಲ. ಒಳಗಿನ ಸ್ಫಟಿಕದ ಗಡಿಯಾರ ಸುಮಾರು 104 ನ್ಯಾನೊಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಪಲ್ಸ್ ಹೊರಡುವುದು ಆ ಟಿಕ್‌ಗಳಲ್ಲಿ ಒಂದರ ಮೇಲೆಯೇ. ಮನೆ ಎರಡು ನಿಲ್ದಾಣಗಳ ನಡುವೆ ಇದ್ದರೂ ಬಸ್ಸು ನಿಲ್ದಾಣದಲ್ಲೇ ಇಳಿಸಿದ ಹಾಗೆ. ತಪ್ಪು 52 ನ್ಯಾನೊಸೆಕೆಂಡಿನವರೆಗೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಗ್ರಾಫ್ ಬರೆದರೆ ಗರಗಸದ ಹಲ್ಲು. ಬೆಳಕು ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಸಾಗುತ್ತದೆ ಎಂದು ನೆನೆದರೆ ಇದು ಸಣ್ಣ ತಪ್ಪಲ್ಲ. ಸರಾಸರಿ ತೆಗೆದರೆ ಸರಿಹೋದೀತು ಎನ್ನುವಂತೆಯೂ ಇಲ್ಲ. ಸ್ಫಟಿಕದ ವೇಗ ಕೆಲವೊಮ್ಮೆ ಸೆಕೆಂಡಿಗೆ ಸರಿಹೊಂದಿಬಿಟ್ಟರೆ ಹಲ್ಲುಗಳು ಮಾಯವಾಗಿ, ತಪ್ಪು ಬಹಳ ಹೊತ್ತು ಒಂದೇ ಕಡೆ ವಾಲಿರುತ್ತದೆ. ತಂತ್ರಜ್ಞರು ಇದನ್ನು ‘ಹ್ಯಾಂಗಿಂಗ್ ಬ್ರಿಡ್ಜ್’ ಎನ್ನುತ್ತಾರೆ.

2000ದ ಮೇ ತಿಂಗಳವರೆಗೆ ಅಮೆರಿಕ ಜಿಪಿಎಸ್‌ನ ನಾಗರಿಕ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಅದು ನಿಂತ ಮೇಲೆ ಗರಗಸವೇ ಎದ್ದು ಕಾಣತೊಡಗಿತು.

ಮೋಜಿನ ಸಂಗತಿಯೆಂದರೆ, ತಾನು ಎಷ್ಟು ತಪ್ಪುತ್ತೇನೆಂದು ರಿಸೀವರಿಗೆ ಗೊತ್ತು! ಮುಂದಿನ ಪಲ್ಸ್ ಎಷ್ಟು ನ್ಯಾನೊಸೆಕೆಂಡು ಆಚೀಚೆ ಬೀಳಲಿದೆ ಎಂದು ಅದು ಸೀರಿಯಲ್ ತಂತಿಯಲ್ಲಿ ಮೊದಲೇ ಹೇಳಿಬಿಡುತ್ತದೆ. ಮೊದಮೊದಲು ಕಂಪ್ಯೂಟರ್ ಆ ಸಂಖ್ಯೆಯನ್ನು ಅಳತೆಯೊಡನೆ ಲೆಕ್ಕಹಾಕಿ ತಿದ್ದುತ್ತಿತ್ತು. ಆದರೆ ರಿಸೀವರಿನಿಂದ ಹೊರಬರುವ ಪಲ್ಸ್ ಹಾಗೇ ಉಳಿಯುತ್ತಿತ್ತು. ಕ್ಲಾರ್ಕ್ ಮತ್ತು ಅವರ ಜೊತೆಗಾರ ರಿಕ್ ಹ್ಯಾಂಬ್ಲಿ ಡಲ್ಲಾಸ್ ಸೆಮಿಕಂಡಕ್ಟರ್ ತಯಾರಿಸುತ್ತಿದ್ದ ವಿಳಂಬದ ಚಿಪ್ಪಿನ ಮೊರೆಹೋದರು. ಎಂಟು ಬಿಟ್‌ಗಳ ಸಂಖ್ಯೆ ಕೊಟ್ಟರೆ 256 ಮೆಟ್ಟಿಲುಗಳಲ್ಲಿ ಬೇಕಾದಷ್ಟು ತಡಮಾಡಿ ಪಲ್ಸನ್ನು ಹೊರಬಿಡುವ ಚಿಪ್ ಅದು.

ಇಲ್ಲೊಂದು ಪೇಚು: ಚಿಪ್ ತಡಮಾಡಬಲ್ಲದೇ ಹೊರತು ಬೇಗ ಕಳಿಸಲಾರದು. ಅದಕ್ಕೂ ದಾರಿಯಿತ್ತು. ಆಂಟೆನಾ ಕೇಬಲ್ಲಿನ ವಿಳಂಬ ಸರಿದೂಗಿಸಲೆಂದು ರಿಸೀವರಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನೇ ಹೆಚ್ಚಿಸಿ ಪಲ್ಸ್ ತುಸು ಮುಂಚೆಯೇ ಹೊರಡುವಂತೆ ಮಾಡಿದರಾಯಿತು. ಉಳಿದದ್ದು ಚಿಪ್ಪಿನ ಪಾಲು. ಚಿಪ್ಪಿನದೇ ಆದ ಸುಮಾರು 10 ನ್ಯಾನೊಸೆಕೆಂಡಿನ ತಡವನ್ನೂ ಮರೆಯದೆ ಲೆಕ್ಕಕ್ಕೆ ಹಿಡಿಯಬೇಕು.

ಇಂದಿನ ರಿಸೀವರುಗಳ ಹಲ್ಲು ಚಿಕ್ಕದು. ಯು-ಬ್ಲಾಕ್ಸ್ ಮಾಡ್ಯೂಲುಗಳು ತಮ್ಮ ತಪ್ಪನ್ನು ಪಿಕೊಸೆಕೆಂಡಿನಲ್ಲೇ ಹೇಳುತ್ತವೆ. ಬರೀ ದಾಖಲೆ ಸಾಕೆನ್ನುವವರು ಈಗಲೂ ಆ ತಪ್ಪನ್ನು ಸಾಫ್ಟ್‌ವೇರಿನಲ್ಲೇ ಕಳೆದುಬಿಡುತ್ತಾರೆ. ಪಲ್ಸನ್ನು ನೇರವಾಗಿ ಇನ್ನೊಂದು ಉಪಕರಣಕ್ಕೆ ಕೊಡಬೇಕಾದವರಿಗೆ ಚಿಪ್ ಬೇಕು.