ಕ್ರೀಡಾಪಟುಗಳ ಅವಿವೇಕ ನಂಬಿಕೆಗಳ ಮಾಪನ: ಧಾರವಾಡ ಗ್ರಾಮೀಣ ಕುಸ್ತಿಯ ಹಿನ್ನೆಲೆಯಲ್ಲಿ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯಲ್ಲಿ ಜಾತ್ರೆಗೂ ಕುಸ್ತಿಗೂ ಹಳೆಯ ನಂಟು. ಕಣಕ್ಕಿಳಿದ ಪೈಲ್ವಾನನ ಬಲವನ್ನೂ ಪಟ್ಟುಗಳನ್ನೂ ಅನುಭವಿ ವಸ್ತಾದರು ಕಣ್ಣಳತೆಯಲ್ಲೇ ತೂಗಬಲ್ಲರು. ಆದರೆ ಸೋಲು-ಗೆಲುವುಗಳನ್ನು ಕುರಿತು ಆತನ ಮನಸ್ಸಿನಲ್ಲಿ ಬೇರೂರಿದ ನಂಬಿಕೆಗಳನ್ನು ಅಳೆಯುವುದು ಹೇಗೆಂಬುದು ಕ್ರೀಡಾ ಮನೋವಿಜ್ಞಾನದ ಪ್ರಶ್ನೆಯಾಗಿದೆ.

ಭಾವಕ್ಷೋಭೆಗೆ ಘಟನೆಗಿಂತ ಅದನ್ನು ಕುರಿತ ನಂಬಿಕೆಯೇ ಮುಖ್ಯ ಕಾರಣವೆಂದು ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ಪ್ರತಿಪಾದಿಸಿದರು. ಈ ತಳಹದಿಯ ಮೇಲೆ ಮಾರ್ಟಿನ್ ಟರ್ನರ್ ಮತ್ತು ಸಹಸಂಶೋಧಕರು ರೂಪಿಸಿ 2018ರಲ್ಲಿ ಪ್ರಕಟಿಸಿದ ಮಾಪನಿಯಲ್ಲಿ 28 ಹೇಳಿಕೆಗಳಿವೆ. ಉತ್ತರಿಸುವವರು ಪ್ರತಿ ಹೇಳಿಕೆಗೂ ತಮ್ಮ ಒಪ್ಪಿಗೆಯ ಪ್ರಮಾಣವನ್ನು ಐದು ಹಂತಗಳಲ್ಲಿ ಗುರುತಿಸುತ್ತಾರೆ. ಆಗ್ರಹ, ಅಸಹನೆ, ಸೋಲನ್ನು ಮಹಾವಿಪತ್ತೆಂದು ಭಾವಿಸುವುದು ಮತ್ತು ಸ್ವನಿಂದೆ ಎಂಬ ನಾಲ್ಕು ಅಂಶಗಳನ್ನು ಇದು ಅಳೆಯುತ್ತದೆ.

ಇಲ್ಲಿ ‘ಅವಿವೇಕ’ವೆಂದರೆ ಮೂಢನಂಬಿಕೆಯಲ್ಲ. ಗರಡಿಮನೆಯ ಹನುಮನಿಗೆ ಕೈಮುಗಿದು ಮಣ್ಣನ್ನು ಹಣೆಗೊತ್ತಿಕೊಳ್ಳುವುದು ಈ ಮಾಪನದ ವ್ಯಾಪ್ತಿಗೆ ಬಾರದು. ‘ಸೋತರೆ ನಾನು ಯಾವುದಕ್ಕೂ ಬಾರದವನು’ ಎಂಬ ನಿಲುವು ಬರುತ್ತದೆ.

ಮಾಪನಿಯನ್ನು ಕನ್ನಡಕ್ಕೆ ತರುವಾಗ ಭಾಷೆಯ ಸೂಕ್ಷ್ಮವೊಂದು ಎದುರಾಗುತ್ತದೆ. ‘ಗೆಲ್ಲಬೇಕು’ ಎಂಬ ಮಾತು ಆಸೆಯೂ ಆಗಬಹುದು, ಕಟ್ಟಳೆಯೂ ಆಗಬಹುದು. ‘ಗೆಲ್ಲಲೇಬೇಕು’ ಎಂಬಲ್ಲಿಯ ಅವಧಾರಣೆಯ ಏಕಾರವೇ ಆಗ್ರಹವನ್ನು ಸೂಚಿಸುತ್ತದೆ. ಧಾರವಾಡ ಸೀಮೆಯ ಆಡುಮಾತಿನ ‘ಗೆಲ್ಲಾಕಽ ಬೇಕು’ ಎಂಬುದರ ಒತ್ತೂ ಇದೇ ಬಗೆಯದು. ಈ ಒತ್ತು ತಪ್ಪಿದರೆ ಆರೋಗ್ಯಕರವಾದ ಆಸೆಯೂ ಅವಿವೇಕವೆಂದು ಎಣಿಕೆಯಾಗುವ ಅಪಾಯವುಂಟು.

ಎರಡನೆಯದು ಬದುಕಿನ ವಾಸ್ತವ. ಒಕ್ಕಲುತನದ ಮನೆಯೊಂದು ಪೈಲ್ವಾನನ ಹಾಲು, ತುಪ್ಪ, ಬಾದಾಮಿಗೆ ಹಣ ತೊಡಗಿಸಿರುವಾಗ ‘ಸೋತರೆ ಮನೆಗೆ ನಷ್ಟ’ ಎಂಬುದು ಸತ್ಯಸಂಗತಿ. ‘ಸೋತರೆ ಬದುಕೇ ಮುಗಿಯಿತು’ ಎಂಬುದು ನಂಬಿಕೆ. ಹಾಗೆಯೇ ‘ಊರಿನ ಮಾನ ಹೋಯಿತು’ ಎಂಬ ಅಳಲು ಸ್ವನಿಂದೆಗೆ ಸಮನಲ್ಲ. ಅದನ್ನು ಪ್ರತ್ಯೇಕ ಸಂದರ್ಶನದಿಂದ ಅರಿಯುವುದು ಲೇಸು.

ಅನುವಾದವನ್ನು ಮತ್ತೊಬ್ಬರು ಮೂಲಭಾಷೆಗೆ ಮರಳಿಸಿ ಹೋಲಿಸಬೇಕು. ಸ್ಥಳೀಯ ಕ್ರೀಡಾಪಟುಗಳಲ್ಲಿ ಅದರ ವಿಶ್ವಸನೀಯತೆಯನ್ನೂ ಸಪ್ರಮಾಣತೆಯನ್ನೂ ಪರೀಕ್ಷಿಸಬೇಕು. ವಸ್ತಾದರ ಸಮ್ಮುಖದಲ್ಲಿ ಉತ್ತರಿಸುವವನು ಅವರಿಗೆ ಒಪ್ಪುವುದನ್ನೇ ಹೇಳುವ ಸಂಭವವಿರುವುದರಿಂದ ಗೋಪ್ಯತೆ ಅವಶ್ಯ. ಈ ಅಂಕಗಳು ತಂಡದ ಆಯ್ಕೆಗೆ ಅಳತೆಗೋಲಾಗಕೂಡದು. ಗೆಲ್ಲುವ ಹಂಬಲವನ್ನು ಕುಂದಿಸದೆ, ಸೋತವನು ಮರುದಿನ ಮತ್ತೆ ಗರಡಿಗೆ ಮರಳುವಂತೆ ಮಾಡಲು ನೆರವಾದಾಗಲೇ ಇಂಥ ಮಾಪನ ಸಾರ್ಥಕವೆನಿಸುತ್ತದೆ.