ಆನೆಗೆ ಪದ್ಯ, ಆಕಳಿಗೆ ಕಲ್ಲು

ಬನಶಂಕರಿ ಜಾತ್ರೆಯ ದನದ ಸಂತೆಯಲ್ಲಿ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ದಲಾಲಿ ಟವೆಲ್ಲಿನ ಕೆಳಗೆ ಕೈ ತೂರಿಸಿ ಬೆರಳು ಹಿಡಿಯುತ್ತಾನೆ, ಎದುರಿನವ ತಲೆಯಾಡಿಸುತ್ತಾನೆ. ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಈ ಮಾತಿಲ್ಲದ ಮಾತು. ಇಳಕಲ್ ಸೀರೆಯ ಅಂಗಡಿಸಾಲು ದಾಟಿ ಇತ್ತ ಬಂದಾಗಲೆಲ್ಲ ನನಗೊಂದು ಯೋಚನೆ: ಐದು ಕಿಲೋಮೀಟರ್ ಆಚೆಯ ಬಾದಾಮಿಯಿಂದ ಚಾಲುಕ್ಯರ ದಂಡು ಹೊರಡುತ್ತಿದ್ದ ಕಾಲದಲ್ಲೂ ಯಾರೋ ಹೀಗೇ ಎತ್ತಿನ ಬಾಯಿ ಬಿಡಿಸಿ ನೋಡಿರಬೇಕು.

ಆದರೆ ಚಾಲುಕ್ಯರ ಯುದ್ಧವೆಂದರೆ ನಮ್ಮ ಕಣ್ಣಿಗೆ ಬರುವುದು ಆನೆ. ತಪ್ಪು ಕವಿ ರವಿಕೀರ್ತಿಯದು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ, ಶಕ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ಆತ ಬರೆಸಿದ ಸಂಸ್ಕೃತ ಶಾಸನದ ತುಂಬ ಆನೆಗಳೇ. ಇಮ್ಮಡಿ ಪುಲಕೇಶಿಯ ಮದ್ದಾನೆಗಳು ಸೇತುವೆಯಂತೆ ನಿಂತು ಕಾವೇರಿಯ ಹರಿವನ್ನೇ ತಡೆದವಂತೆ. ಕೊಂಕಣದ ಪುರಿಯನ್ನು ಮುತ್ತಿದ ಹಡಗುಗಳು ಕೂಡ ಕವಿಗೆ ಮದವೇರಿದ ಆನೆಗಳಾಗಿಯೇ ಕಂಡವು. ಯುದ್ಧದಲ್ಲಿ ತನ್ನ ಆನೆಗಳು ಉರುಳಿಬಿದ್ದಾಗ ಉತ್ತರದ ದೊರೆ ಹರ್ಷನ ಹರ್ಷವೆಲ್ಲ ಇಳಿದುಹೋಯಿತೆಂಬ ಶ್ಲೇಷೆಯಂತೂ ಶಾಲೆಯ ಪಾಠದಿಂದ ಎಲ್ಲರಿಗೂ ಗೊತ್ತು.

ಅದೇ ಶತಮಾನದಲ್ಲಿ ಪುಲಕೇಶಿಯ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬರೆದಿರುವುದು ಇನ್ನೂ ಒರಟಾಗಿದೆ. ಕಾಳಗಕ್ಕೆ ಮುಂಚೆ ನೂರಾರು ವೀರರಿಗೂ ನೂರಾರು ಆನೆಗಳಿಗೂ ಹೆಂಡ ಕುಡಿಸಿ ನುಗ್ಗಿಸುತ್ತಿದ್ದರು. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಣ್ಣುಡುಗೆ ಕೊಟ್ಟು ಅವಮಾನಿಸುತ್ತಿದ್ದರು. ಸೋತು ಬಂದ ಆನೆಯ ಗತಿಯೇನಾಯಿತೆಂದು ಆತ ಹೇಳಿಲ್ಲ.

ಅಮಲೇರಿದ ಆನೆ ಯಾರನ್ನು ತುಳಿಯುತ್ತದೆ ಎಂಬುದು ಮಾವುತನ ಕೈಯಲ್ಲೂ ಇರುವುದಿಲ್ಲ. 1565ರ ಜನವರಿಯಲ್ಲಿ ಕೃಷ್ಣೆಯ ಬಳಿಯ ರಕ್ಕಸಗಿ–ತಂಗಡಗಿ ಕಾಳಗದಲ್ಲಿ ಆನೆಯೊಂದು ಮೈಮೇಲೆ ಬಂದಾಗ ಭೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ವಿಜಯನಗರದ ರಾಮರಾಯ ಸೆರೆ ಸಿಕ್ಕ ಎನ್ನುತ್ತಾನೆ ಇತಿಹಾಸಕಾರ ಫೆರಿಸ್ತಾ.

ಅರಸರ ಯುದ್ಧ ಅದು. ಊರವರ ಯುದ್ಧ ಬೇರೆಯದೇ. ಅದರ ಹೆಸರು ತುರುಗೊಳ್. ಹಗೆಯವರು ಬಂದು ಊರ ದನ ಹೊಡೆದುಕೊಂಡು ಹೋಗುವುದು, ಊರವರು ಬೆನ್ನಟ್ಟಿ ಮರಳಿಸುವುದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಹುಟ್ಟಿದ್ದು ಈ ಜಗಳದಿಂದ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನ ಕಾಲ ಬಳಿ ಒತ್ತೊತ್ತಾಗಿ ನಿಂತ ಹಸುಗಳು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಸತ್ತವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ದನ ಕಾಯುವುದು ಕೀಳು ಕೆಲಸವೆಂದು ಈಗ ಬೈಗುಳಕ್ಕೆ ಬಳಸುತ್ತೇವೆ. ಆದರೆ ಶರಣರಲ್ಲಿ ಒಬ್ಬನ ಹೆಸರೇ ತುರುಗಾಹಿ, ಎಂದರೆ ದನಗಾಹಿ, ರಾಮಣ್ಣ. ದನವೇ ಧನವಾಗಿದ್ದ ಕಾಲ. ಲ್ಯಾಟಿನ್ನಿನಲ್ಲೂ ಹಣಕ್ಕಿರುವ 'ಪೆಕೂನಿಯ' ಎಂಬ ಮಾತು ಹುಟ್ಟಿದ್ದು ದನಕರುವಿನ 'ಪೆಕುಸ್'ನಿಂದಲೇ.

ಲ್ಯಾಟಿನ್ ಆಡುತ್ತಿದ್ದ ರೋಮನ್ನರ ದಂಡಿಗೂ ಹೊರೆ ಹೊರುವ ಪ್ರಾಣಿ ಬೇಕಿತ್ತು. ಒಂದು ಡೇರೆಗೆ ಎಂಟು ಜನ. ಡೇರೆ ತೊಗಲಿನದು, ಅದನ್ನು ಹೊರುವುದಕ್ಕೆ ಹೇಸರಗತ್ತೆ. ಸರಂಜಾಮಿನ ಬಹುಪಾಲನ್ನು ಸೈನಿಕರ ಹೆಗಲಿಗೇ ಹೊರಿಸಿದ ಸೇನಾಪತಿ ಮಾರಿಯಸ್ಸನ ಪಡೆಗೆ 'ಮಾರಿಯಸ್ಸನ ಹೇಸರಗತ್ತೆಗಳು' ಎಂದೇ ಅಡ್ಡಹೆಸರು ಬಿತ್ತು. ರೋಮನ್ನರ ಹಳೆಯ ವೈರಿ, ಕಾರ್ಥೇಜಿನ ಹನಿಬಾಲನ ಆನೆಗಳ ಕಥೆ ಎಲ್ಲರಿಗೂ ಗೊತ್ತು. ಕ್ರಿ.ಪೂ. 217ರಲ್ಲಿ ಕಣಿವೆಯೊಂದರಲ್ಲಿ ಸಿಕ್ಕಿಬಿದ್ದಾಗ ಅವನನ್ನು ಪಾರು ಮಾಡಿದ್ದು ಮಾತ್ರ ಎತ್ತುಗಳು. ಸುಮಾರು 2,000 ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ರಾತ್ರಿ ಗುಡ್ಡಕ್ಕೆ ಅಟ್ಟಿದ. ದಂಡೇ ಅತ್ತ ಹೊರಟಿತೆಂದು ಕಾವಲಿನ ರೋಮನ್ನರು ದಾರಿ ಬಿಟ್ಟು ಓಡಿದರು.

ನಮ್ಮ ಕಡೆ ಎತ್ತು ಇಂಥ ಆಟಕ್ಕೆ ಬರಲಿಲ್ಲ, ಹೊತ್ತಿತು, ಎಳೆಯಿತು. ಬಾದಾಮಿಯ ಗುಡ್ಡದ ಮೇಲೆ ಟಿಪ್ಪುವಿನ ಕಾಲದ್ದೆಂದು ಹೇಳುವ ತೋಪೊಂದಿದೆ. ನೋಡಲು ಹೋದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇಂಥ ತೋಪುಗಳನ್ನು ದಾರಿಯುದ್ದಕ್ಕೂ ಎಳೆದ ಜೋಡಿಗಳನ್ನು ಎಣಿಸಿದವರು ಯಾರು? ಮೈಸೂರಿನವರಿಗೆ ಲೆಕ್ಕ ಗೊತ್ತಿತ್ತು. ಚಿಕ್ಕದೇವರಾಜರ 'ಬೆಣ್ಣೆ ಚಾವಡಿ' ಎಂಬ ತಣ್ಣನೆಯ ಹೆಸರಿನ ದನದ ಇಲಾಖೆಯೇ ಮುಂದೆ ಟಿಪ್ಪುವಿನ ಅಮೃತಮಹಲಾಗಿ ತೋಪಿನ ಎತ್ತುಗಳನ್ನು ಸಾಕಿತು. ಇತ್ತ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ 1791ರಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದೂ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸತ್ತಿದ್ದವು.

ಆಗ ಅವನ ದಂಡಿಗೆ ಧಾನ್ಯ ತಂದವರಲ್ಲಿ ಲಂಬಾಣಿಗರೂ ಇದ್ದರು. ಬಾದಾಮಿ, ಹುನಗುಂದದ ಕಡೆ ಇಂದು ತಾಂಡಾಗಳಲ್ಲಿ ನೆಲೆನಿಂತಿರುವ ಈ ಜನ ಒಂದು ಕಾಲಕ್ಕೆ ಹೇರೆತ್ತುಗಳ ಹಿಂಡು ಕಟ್ಟಿಕೊಂಡು ದಖನ್ನಿನ ಉದ್ದಗಲ ತಿರುಗುತ್ತಿದ್ದರು. ಮೊಗಲರಿಗೂ ಅವರೇ, ಮರಾಠರಿಗೂ ಅವರೇ, ಇಂಗ್ಲಿಷರಿಗೂ ಅವರೇ. ರೈಲು ಬಂದ ಮೇಲೆ ಆ ವ್ಯಾಪಾರ ನಿಂತುಹೋಯಿತು. ಹಿಂಡಿನ ಮುಂದೆ ಒಂದು ಎತ್ತು ನಡೆಯುತ್ತಿತ್ತು. ಕೊಂಬಿಗೆ ಕವಡೆ, ಕೊರಳಿಗೆ ಗಂಟೆ, ಬೆನ್ನಿಗೆ ಹೆಂಗಸರು ಹೊಲಿದ ಕಸೂತಿಯ ಜೂಲು. ಅದರ ಬೆನ್ನಿಗೆ ಮಾತ್ರ ಯಾರೂ ಗೋಣಿ ಹೇರುತ್ತಿರಲಿಲ್ಲ.